ಒಂದೇ ಮೆಟ್ಟಿಲು, ಬೇರೆ ಬೇರೆ ಉಸಿರು: ವ್ಯಾಯಾಮದ ಬಿರುಸು ಎಷ್ಟಿರಬೇಕು?

ವ್ಯಾಯಾಮದ ಬಿರುಸಿನ ಈ ಪಾಠವನ್ನು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಿಂದ ಶುರು ಮಾಡಿದರೆ ಬೇಗ ತಲೆಗೆ ಹತ್ತುತ್ತದೆ. ಡ್ರೈವರ್ ಪಾಳಿ ಮುಗಿಯುವವರೆಗೂ ಕೂತೇ ಇರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತುತ್ತಿದ್ದ. ಬ್ರಿಟನ್ನಿನ ವೈದ್ಯ-ಸಂಶೋಧಕ ಜೆರೆಮಿ ಮಾರಿಸ್ ಮತ್ತವರ ತಂಡ 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಬಂದರೂ ತಡವಾಗಿ ಬರುತ್ತಿತ್ತು.

ಅಲ್ಲಿಗೇ ನಿಲ್ಲಿಸಬೇಡಿ. 1956ರಲ್ಲಿ ಅದೇ ತಂಡ ಈ ಡ್ರೈವರ್, ಕಂಡಕ್ಟರ್‌ಗಳ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿತು. ಎಳೆ ವಯಸ್ಸಿನ ಡ್ರೈವರ್‌ಗಳ ಪ್ಯಾಂಟಿನ ಸೊಂಟವೂ ಕಂಡಕ್ಟರ್‌ಗಳದ್ದಕ್ಕಿಂತ ದೊಡ್ಡದಿತ್ತು! ಅಂದರೆ ಡ್ರೈವರ್‌ಗಳು ಮೊದಲಿಂದಲೇ ದಪ್ಪ ಇದ್ದಿರಬಹುದು, ಮೆಟ್ಟಿಲೊಂದೇ ಕಾರಣ ಅಂತ ಹೇಳೋಕಾಗಲ್ಲ. ತಮ್ಮ ಫಲಿತಾಂಶವನ್ನು ತಾವೇ ಹೀಗೆ ಪ್ರಶ್ನಿಸಿದ್ದು ನನಗೆ ತುಂಬಾ ಇಷ್ಟವಾಯಿತು. ಮುಂದೆ ಮಾರಿಸ್ ಬ್ರಿಟನ್ನಿನ ಸರ್ಕಾರಿ ಕಚೇರಿ ನೌಕರರನ್ನು ವರ್ಷಗಟ್ಟಲೆ ಗಮನಿಸಿದರು. ಎಲ್ಲರದ್ದೂ ಕೂತು ಮಾಡುವ ಕೆಲಸವೇ. ಬಿಡುವಿನಲ್ಲಿ ಬಿರುಸಾಗಿ ಆಡುತ್ತಿದ್ದವರಿಗೆ ಹೃದಯಾಘಾತ ಕಡಿಮೆಯಿತ್ತು.

ಬಿರುಸನ್ನು ಅಳೆಯೋದು ಹೇಗೆ? ಪುಸ್ತಕದ ಅಳತೆ ಮೆಟ್ (MET), ಅಂದರೆ ಸುಮ್ನೆ ಕೂತಾಗ ಖರ್ಚಾಗುವುದರ ಎಷ್ಟು ಪಟ್ಟು ಶಕ್ತಿಯನ್ನು ದೇಹ ಖರ್ಚು ಮಾಡುತ್ತಿದೆ ಅನ್ನುವ ಲೆಕ್ಕ. ಸುಮ್ನೆ ಕೂತಾಗ 1 ಮೆಟ್, 3ರಿಂದ 6ರವರೆಗೆ ಮಧ್ಯಮ, ಅದಕ್ಕಿಂತ ಮೇಲೆ ಬಿರುಸು. ಆದರೆ ನಮ್ಮ ಮನೆಯ ಮಹಡಿ ಮೆಟ್ಟಿಲು ನೋಡಿ. ನಾನು ಫೋನಲ್ಲಿ ಮಾತಾಡುತ್ತಾ ಹತ್ತುತ್ತೇನೆ. ಅಜ್ಜಿ ಏಳನೇ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತು "ತಡಿ ಮಗಾ" ಅಂತಾರೆ. ಮೆಟ್ಟಿಲು ಒಂದೇ, ಹೃದಯಕ್ಕೆ ಬೀಳುವ ಹೊರೆ ಬೇರೆ. ಅದಕ್ಕೇ ಮಾತಿನ ಪರೀಕ್ಷೆ ನನಗೆ ಹೆಚ್ಚು ನಂಬಿಕೆಯದು. ಮಾತಾಡಬಹುದು, ಹಾಡೋಕಾಗಲ್ಲ ಅಂದರೆ ಮಧ್ಯಮ. ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕು ಅಂದರೆ ಬಿರುಸು.

ಬಿರುಸಿನ ಅಭ್ಯಾಸ ಮುಂದುವರಿದಂತೆ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳಲು ಕಲಿಯುತ್ತದೆ. ನಾರ್ವೆಯ ಟ್ರಾಂಡ್‌ಹೈಮ್‌ನ ಸಂಶೋಧಕರ 4×4 ಪದ್ಧತಿ ಇದಕ್ಕೇ ಹೆಸರಾದದ್ದು. ಗರಿಷ್ಠ ನಾಡಿ ಬಡಿತದ ಶೇ. 85–95ರಲ್ಲಿ 4 ನಿಮಿಷ, ನಡುವೆ 3 ನಿಮಿಷ ನಿಧಾನ, ಹೀಗೆ ನಾಲ್ಕು ಸುತ್ತು. ಎದೆನೋವು ಬರುವವರು, ಹೃದ್ರೋಗ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಇಳಿಯಬಾರದು.

ರಕ್ತದ ಸಕ್ಕರೆಯ ವಿಷಯದಲ್ಲಿ ಲೆಕ್ಕ ಸ್ವಲ್ಪ ಬೇರೆ, ಪರೀಕ್ಷೆ ಬರೆಯುವಾಗ ನಾವು ಎಡವೋದೂ ಇಲ್ಲೇ. ಸ್ನಾಯು ಕೆಲಸ ಮಾಡುವಾಗ ಗ್ಲುಟ್-4 ಎಂಬ ಪ್ರೋಟೀನ್ ಕೋಶದ ಒಳಗಿಂದ ಅಂಚಿಗೆ ಬಂದು ಗ್ಲುಕೋಸನ್ನು ಒಳಗೆ ಬಿಡುತ್ತದೆ. ಸಾಮಾನ್ಯವಾಗಿ ಈ ಕೆಲಸ ಮಾಡಿಸುವ ಇನ್ಸುಲಿನ್ ಹಾರ್ಮೋನು ಬಂದು ಕದ ತಟ್ಟಬೇಕಿಲ್ಲ. ಇದಕ್ಕೆ ಏದುಸಿರೂ ಬೇಕಿಲ್ಲ, ಊಟದ ನಂತರದ ನಿಧಾನ ನಡಿಗೆ ಸಾಕು. ತದ್ವಿರುದ್ಧವಾಗಿ, ತೀರಾ ಜೋರಾಗಿ ಓಡಿದಾಗ ಅಡ್ರಿನಲಿನ್ ಎಂಬ ಹಾರ್ಮೋನು ಏರಿ, ಯಕೃತ್ತು ಕೂಡಿಟ್ಟ ಗ್ಲುಕೋಸನ್ನು ಹೊರಬಿಡುತ್ತದೆ. ಆಗ ಸ್ವಲ್ಪ ಹೊತ್ತು ಸಕ್ಕರೆ ಏರಲೂಬಹುದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ನೆನಪಿಡಿ: ವಾರಕ್ಕೆ ಮಧ್ಯಮವಾದರೆ 150–300 ನಿಮಿಷ, ಬಿರುಸಾದರೆ 75–150. ಎರಡನ್ನೂ ಬೆರೆಸಬಹುದು. ಅಜ್ಜಿಗೆ ಆ ಮೆಟ್ಟಿಲೇ ಬಿರುಸು. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಅವರ ಜೊತೆ ಹತ್ತು ಸುತ್ತು ಹಾಕುತ್ತೇನೆ, ಅವರು ಕಥೆ ಹೇಳುವಷ್ಟು ನಿಧಾನವಾಗಿ.