ಮತಪತ್ರಕ್ಕೆ ಸಹಿ ಬೇಕು, ಕಂಪನಿಗೆ ಬೇಡ

ಚುನಾವಣೆ ಹತ್ತಿರ ಬಂದಾಗ ಮಾತ್ರ ಅಮೆರಿಕದಲ್ಲಿರುವ ನಮ್ಮವರಿಗೆ ಸೆಕ್ರೆಟರಿ ಆಫ್ ಸ್ಟೇಟ್ ಎಂಬ ಹುದ್ದೆ ನೆನಪಾಗುತ್ತದೆ. ವಿದೇಶಾಂಗದವರಲ್ಲ, ರಾಜ್ಯದ ಮಟ್ಟದಲ್ಲಿ ಚುನಾವಣೆ ನೋಡಿಕೊಳ್ಳುವವರು. 2021ರ ಜನವರಿಯಲ್ಲಿ ಟ್ರಂಪ್ ತಾವು ಸೋತಿದ್ದ ಜಾರ್ಜಿಯಾಗೆ ಫೋನ್ ಮಾಡಿ 11,780 ಮತ ಹುಡುಕಬೇಕು ಅಂದರಲ್ಲ, ಆ ಕಡೆ ಫೋನ್ ಹಿಡಿದಿದ್ದ ಬ್ರಾಡ್ ರಾಫೆನ್ಸ್‌ಪರ್ಗರ್ ಅವರದು ಅದೇ ಹುದ್ದೆ. ಅಟ್ಲಾಂಟಾದಲ್ಲಿ ದಿನಸಿ ಅಂಗಡಿ ಇಟ್ಟವರ ಕಂಪನಿ ರಿಜಿಸ್ಟರ್ ಆಗುವುದೂ ಅದೇ ಕಚೇರಿಯಲ್ಲಿ. ನ್ಯೂಯಾರ್ಕ್, ಇಲಿನಾಯ್‌ನಂಥ ಕಡೆ ಚುನಾವಣೆಗೆ ಬೇರೆ ಮಂಡಳಿ ಇದೆ. ಹೆಚ್ಚಿನ ರಾಜ್ಯಗಳಲ್ಲಿ ಎರಡೂ ಒಂದೇ ಕಡೆ.

ನಾನು ಲೆಕ್ಕಪತ್ರದ ಕೆಲಸ ಮಾಡುವ ಕೊಲರಾಡೊದಲ್ಲೂ ಹಾಗೇ. ಇಲ್ಲಿ ಇನ್ನೊಂದು ವಿಶೇಷ ಇದೆ. ಈ ಕಚೇರಿ ಬಹುಪಾಲು ನಡೆಯುವುದು ವ್ಯಾಪಾರಸ್ಥರು ಕಟ್ಟುವ ಶುಲ್ಕದಿಂದ. ನಮ್ಮ ದುಡ್ಡಲ್ಲಿ ಚುನಾವಣೆ ಕೆಲಸ ಯಾಕೆ, ಇದು ಶುಲ್ಕವಲ್ಲ ತೆರಿಗೆ ಅಂತ ಸಣ್ಣ ವ್ಯಾಪಾರಿಗಳ ಸಂಘ ಎನ್‌ಎಫ್‌ಐಬಿ 2014ರಲ್ಲಿ ಕೋರ್ಟಿಗೆ ಹೋಯಿತು. 2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸಂಘ ಸೋತಿತು. ಅಂದರೆ ನೀವು ನಿಮ್ಮ ಎಲ್‌ಎಲ್‌ಸಿಗೆ, ಅಂದರೆ ಸೀಮಿತ ಹೊಣೆಯ ಸಣ್ಣ ಕಂಪನಿಗೆ, ಕಟ್ಟುವ ದುಡ್ಡಿನಲ್ಲಿ ಸ್ವಲ್ಪ ಮತ ಎಣಿಕೆಯ ವ್ಯವಸ್ಥೆಗೂ ಹೋಗುತ್ತದೆ. ನನಗೆ ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಬೇರೆ ಕಡೆ.

ಕೊಲರಾಡೊದಲ್ಲಿ ನೋಂದಣಿ ಚಾಲ್ತಿಯಲ್ಲಿರುವ ಎಲ್ಲ ಮತದಾರರಿಗೂ ಅಂಚೆಯಲ್ಲೇ ಮತಪತ್ರ ಬರುತ್ತದೆ. ತುಂಬಿ ಕಳಿಸಿದ ಮೇಲೆ ಲಕೋಟೆ ಮೇಲಿನ ಸಹಿಯನ್ನು ದಾಖಲೆಯಲ್ಲಿರುವ ಹಳೆಯ ಸಹಿ ಜೊತೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿ ಹೋಲಿಸಿ ನೋಡುತ್ತದೆ. ಹೊಂದದಿದ್ದರೆ ಬೇರೆ ಬೇರೆ ಪಕ್ಷದ ಇಬ್ಬರು ಕೂತು ಮತ್ತೆ ನೋಡುತ್ತಾರೆ. ಆಗಲೂ ಅನುಮಾನ ಇದ್ದರೆ ನಿಮಗೆ ತಿಳಿಸುತ್ತಾರೆ. ಸರಿಪಡಿಸಲು ಚುನಾವಣೆಯಾದ ಮೇಲೂ 8 ದಿನ ಇರುತ್ತದೆ.

ಇನ್ನು ಕಂಪನಿ ದಾಖಲೆಗೆ ಬನ್ನಿ. ವಿಳಾಸ ಬದಲಾಯಿತು, ರಿಜಿಸ್ಟರ್ಡ್ ಏಜೆಂಟ್ (ಕಂಪನಿಯ ಪರವಾಗಿ ಕಾನೂನು ಕಾಗದ ಪಡೆಯುವವರು) ಬದಲಾದರು ಅಂತ ಆನ್‌ಲೈನಲ್ಲಿ ಅರ್ಜಿ ಬಂದರೆ ಕಚೇರಿ ನೋಡುವುದು ಕಾಲಂ ಎಲ್ಲ ತುಂಬಿದೆಯಾ, ಶುಲ್ಕ ಬಂದಿದೆಯಾ ಅಂತ, ಅಷ್ಟೇ. ಬರೆದಿದ್ದು ನಿಜವಾ ಅಂತ ಪರಿಶೀಲಿಸುವ ಕೆಲಸವನ್ನು ಕಾನೂನು ಅದಕ್ಕೆ ಕೊಟ್ಟಿಲ್ಲ. ಸುಳ್ಳು ಹೇಳಿದರೆ ಸುಳ್ಳು ಪ್ರಮಾಣದ ಅಪರಾಧ ಅಂತ ಫಾರಂ ಕೆಳಗೆ ಒಂದು ಸಾಲು ಇರುತ್ತದೆ. ಕಳ್ಳ ಆ ಸಾಲಿಗೆ ಹೆದರುತ್ತಾನಾ? ಊರಲ್ಲಿ ಪ್ರೈವೇಟ್ ಲಿಮಿಟೆಡ್ ನಡೆಸಿದವರಿಗೆ ಇದು ವಿಚಿತ್ರ ಅನಿಸುತ್ತದೆ. ಅಲ್ಲಿ ನಿರ್ದೇಶಕರ ಡಿಜಿಟಲ್ ಸಹಿ ಇಲ್ಲದೆ ಫಾರಂ ಮುಂದಕ್ಕೇ ಹೋಗುವುದಿಲ್ಲ, ಎಷ್ಟೋ ಫಾರಂಗಳಿಗೆ ಸಿಎ ಅಥವಾ ಕಂಪನಿ ಸೆಕ್ರೆಟರಿಯ ದೃಢೀಕರಣವೂ ಬೇಕು.

ಇದರ ದುರುಪಯೋಗ ದೊಡ್ಡದಾಗಿ ಹೊರಬಿದ್ದಿದ್ದು 2010ರಲ್ಲಿ, ಇದೇ ಕೊಲರಾಡೊದಲ್ಲಿ. ವಂಚಕರು ಕಂಪನಿಗಳ ದಾಖಲೆಯಲ್ಲಿ ವಿಳಾಸ ಬದಲಾಯಿಸಿದರು. ಆಮೇಲೆ ಆ ಕಂಪನಿಗಳ ಹೆಸರಲ್ಲೇ ದೊಡ್ಡ ಅಂಗಡಿಗಳಲ್ಲಿ ಸಾಲದ ಖಾತೆ ತೆರೆದು ಮಾಲು ಎತ್ತಿದರು. ಸಾಲ ಕೊಡುವವನು ಸರ್ಕಾರಿ ವೆಬ್‌ಸೈಟ್ ತೆಗೆದು ನೋಡುತ್ತಾನೆ. ಹೆಸರು ಇದೆ, ವಿಳಾಸ ಅರ್ಜಿಯಲ್ಲಿರುವುದೇ, ಕಂಪನಿ ಹಳೆಯದು. ಅವನಿಗೆ ಇನ್ನೇನು ಬೇಕು? ನಿಜವಾದ ಮಾಲೀಕನಿಗೆ ಗೊತ್ತಾಗುವುದು ವಸೂಲಿಯವರ ಫೋನ್ ಬಂದಾಗ.

ಆ ಗಲಾಟೆ ಆದ ಮೇಲೆ ಕಂಪನಿ ದಾಖಲೆಗೆ ಪಾಸ್‌ವರ್ಡ್ ಹಾಕುವ ಸೌಲಭ್ಯ ಬಂತು. ಯಾರಾದರೂ ದಾಖಲೆ ಮುಟ್ಟಿದರೆ ಇಮೇಲ್ ಬರುವ ಹಾಗೂ ಮಾಡಿಕೊಳ್ಳಬಹುದು, ಅದೂ ಬಿಟ್ಟಿ. ಹೊಸಬರು ಲೆಕ್ಕ ತಂದರೆ ನಾನು ಮೊದಲು ಕೇಳುವುದು ಈ ಎರಡರ ಬಗ್ಗೆ. ಮತಪತ್ರ ಎಲ್ಲಿಗೆ ತಲುಪಿತು ಅನ್ನುವ ಮೆಸೇಜಿಗೆ ತಪ್ಪದೆ ಹೆಸರು ಕೊಟ್ಟಿರುತ್ತಾರೆ. ಕಂಪನಿಯ ಇಮೇಲ್ ಸೂಚನೆಯ ಬಗ್ಗೆ ಕೇಳಿದರೆ, ‘ಅದೂ ಇದೆಯಾ ಸಾರ್’ ಅನ್ನುತ್ತಾರೆ.

2022ರಲ್ಲಿ ಇನ್ನೊಂದು ಕಾನೂನು ಬಂತು. ನಿಮ್ಮ ಹೆಸರು ಅಥವಾ ಮನೆ ವಿಳಾಸ ಬಳಸಿ ಯಾರೋ ಗೊತ್ತಿಲ್ಲದವರು ಕಂಪನಿ ತೆರೆದಿದ್ದರೆ ಸೆಕ್ರೆಟರಿ ಆಫ್ ಸ್ಟೇಟ್‌ಗೆ ದೂರು ಕೊಡಬಹುದು. ಆ ದೂರು ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಹತ್ತಿರ ಹೋಗುತ್ತದೆ, ಸಾಬೀತಾದರೆ ಆ ದಾಖಲೆಗೆ ಮೋಸದ್ದು ಅಂತ ಗುರುತು ಬೀಳುತ್ತದೆ. ನೀವು ಕೇಳೇ ಇಲ್ಲದ ಕಂಪನಿಯ ಹೆಸರಲ್ಲಿ ಬ್ಯಾಂಕಿನ ಕಾಗದ ಮನೆಗೆ ಬಂದರೆ ಕಸದ ಬುಟ್ಟಿಗೆ ಹಾಕಬೇಡಿ. ಆ ಹೆಸರನ್ನು ಸೆಕ್ರೆಟರಿ ಆಫ್ ಸ್ಟೇಟ್ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ.

ಇನ್ನೊಂದು ಬಗೆಯ ಕಾಗದವಿದೆ, ಸರ್ಕಾರದ್ದೇ ಅನ್ನಿಸುವ ಹಾಗೆ ಖಾಸಗಿಯವರು ಕಳಿಸುವುದು. ಅದು ನನ್ನ ಮೇಜಿಗೆ ಜಾಸ್ತಿ ಬರುತ್ತದೆ. ಕಂದು ಲಕೋಟೆ, ಮೇಲೆ ಹದ್ದಿನ ಮುದ್ರೆಯಂಥದ್ದು. ಒಳಗೆ ನಿಮ್ಮ ಕಂಪನಿಯ ಹೆಸರು, ಐಡಿ ನಂಬರ್, ಶುರುವಾದ ತಾರೀಖು ಎಲ್ಲ ಸರಿಯಾಗಿರುತ್ತದೆ. ಸರಿಯಾಗಿರದೆ ಏನು, ಎಲ್ಲವೂ ಸಾರ್ವಜನಿಕ ದಾಖಲೆ ತಾನೇ! ಕೆಂಪಕ್ಷರದಲ್ಲಿ ಕೊನೆ ದಿನಾಂಕ, ಕತ್ತರಿಸಿ ಚೆಕ್ ಜೊತೆ ಕಳಿಸಲು ಒಂದು ಚೀಟಿ. ‘ನಮ್ಮದು ಸರ್ಕಾರಿ ಸಂಸ್ಥೆಯಲ್ಲ’ ಅನ್ನುವ ಮಾತೂ ಇರುತ್ತದೆ, ಹುಡುಕಬೇಕು. ಅಂಚೆ ಕಾನೂನಿಗೆ ಅಂಜಿ ಅದನ್ನು ಹಾಕಿರುತ್ತಾರೆ, ಅದಕ್ಕೇ ಇವರನ್ನು ಹಿಡಿಯುವುದು ಕಷ್ಟ. ಇವರು ಮಾರುವುದು ಹೆಚ್ಚಾಗಿ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟು, ಅಂದರೆ ಕಂಪನಿಯ ದಾಖಲೆ ಸರಿಯಾಗಿದೆ ಅನ್ನುವ ಪತ್ರ. ಕೊಲರಾಡೊದಲ್ಲಿ ಅದನ್ನು ಸರ್ಕಾರಿ ವೆಬ್‌ಸೈಟಿನಿಂದ ನೀವೇ ಇಳಿಸಿಕೊಳ್ಳಬಹುದು, ಒಂದು ಪೈಸೆ ಖರ್ಚಿಲ್ಲದೆ. ಕಂಪನಿಯ ವಿವರ ಸರಿಯಿದೆ ಅಂತ ವರ್ಷಕ್ಕೊಮ್ಮೆ ಕೊಡಬೇಕಾದ ಪೀರಿಯಾಡಿಕ್ ರಿಪೋರ್ಟನ್ನೂ ಸರ್ಕಾರಿ ಶುಲ್ಕವಷ್ಟೇ ಕಟ್ಟಿ ಅದೇ ವೆಬ್‌ಸೈಟಿನಲ್ಲಿ ನೀವೇ ಐದು ನಿಮಿಷದಲ್ಲಿ ಮುಗಿಸಬಹುದು. ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಇಐಎನ್ (ಕಂಪನಿಯ ತೆರಿಗೆ ನಂಬರ್) ಪಡೆಯುವುದಕ್ಕೂ ದುಡ್ಡಿಲ್ಲ.

ಪೀರಿಯಾಡಿಕ್ ರಿಪೋರ್ಟನ್ನು ಮರೆತವರದು ಬೇರೆ ಕಷ್ಟ. ತುಂಬಾ ದಿನ ಬಿಟ್ಟರೆ ಕಂಪನಿ ‘ಡೆಲಿಂಕ್ವೆಂಟ್’, ಅಂದರೆ ಬಾಕಿ ಉಳಿಸಿಕೊಂಡವರ, ಪಟ್ಟಿಗೆ ಸೇರುತ್ತದೆ. ಯಾರೂ ನೋಡಿಕೊಳ್ಳದ ಕಂಪನಿ ಯಾವುದು ಅಂತ ವಂಚಕನಿಗೆ ಆಗ ಸರ್ಕಾರವೇ ತೋರಿಸಿದ ಹಾಗಾಯಿತು.

ಇದರಲ್ಲಿ ನಮ್ಮವರು ಸಿಕ್ಕಿಬೀಳುವುದು ಊರಿಗೆ ಮರಳುವಾಗ. ಬೆಂಗಳೂರಿಗೆ ವಾಪಸ್ ಹೊರಟವರು ಮನೆ ಮಾರುತ್ತಾರೆ, ಕಾರು ಮಾರುತ್ತಾರೆ, ಸೋಫಾ ಯಾರಿಗೋ ಕೊಟ್ಟು ಹೋಗುತ್ತಾರೆ. ಕನ್ಸಲ್ಟಿಂಗ್‌ಗೆ ಅಂತ ತೆರೆದ ಎಲ್‌ಎಲ್‌ಸಿ ಮಾತ್ರ ಹಾಗೇ ಉಳಿದುಬಿಡುತ್ತದೆ. ಹಳೆ ವಿಳಾಸ, ಓದುವವರಿಲ್ಲದ ಇಮೇಲ್, ಹತ್ತು ವರ್ಷದ ಒಳ್ಳೆ ಚರಿತ್ರೆ. ಹೊರಡುವ ಮುಂಚೆ ಕಂಪನಿ ಮುಚ್ಚುವ ಫಾರಂ, ಸ್ಟೇಟ್‌ಮೆಂಟ್ ಆಫ್ ಡಿಸ್ಸೊಲ್ಯೂಷನ್, ಹಾಕಿ. ಕೊನೆಯ ತೆರಿಗೆ ರಿಟರ್ನ್‌ನಲ್ಲಿ ‘ಫೈನಲ್’ ಅನ್ನುವ ಕಡೆ ಗುರುತು ಮಾಡಿ. ಇಐಎನ್ ಖಾತೆ ಮುಚ್ಚಿ ಅಂತ ಐಆರ್‌ಎಸ್‌ಗೆ ಒಂದು ಪತ್ರ ಬರೆಯಿರಿ. ಆಗಲೇ ಊರು ಸೇರಿದ್ದರೂ ಪರವಾಗಿಲ್ಲ, ಡಿಸ್ಸೊಲ್ಯೂಷನ್ ಕೆಲಸ ಜಯನಗರದಲ್ಲಿ ಕೂತೇ ಆಗುತ್ತದೆ.