ಆಕರ ಹುಡುಕುವುದನ್ನು ಕಲಿಸುವ ಆನ್‌ಲೈನ್ ಕೋರ್ಸ್‌ಗಳು: ಒಂದು ಹಿನ್ನೋಟ

ಗ್ರಂಥಾಲಯದ ಆಕರಗಳನ್ನು ಹುಡುಕಿ, ಪರಿಶೀಲಿಸಿ, ಸರಿಯಾಗಿ ಉಲ್ಲೇಖಿಸುವುದನ್ನು ಕಲಿಸುವ ಆನ್‌ಲೈನ್ ಕೋರ್ಸ್‌ಗಳು ಅಂತರ್ಜಾಲದ ಕೂಸುಗಳಂತೆ ಕಂಡರೂ ಅವುಗಳ ಬೇರು 19ನೆಯ ಶತಮಾನದ ಅಮೆರಿಕದಲ್ಲಿದೆ. ಮಿಷಿಗನ್ ವಿಶ್ವವಿದ್ಯಾಲಯದ ಗ್ರಂಥಪಾಲಕ ರೇಮಂಡ್ ಡೇವಿಸ್ 1879ರಲ್ಲಿ ಗ್ರಂಥಾಲಯದ ಬಳಕೆಯನ್ನು ಕುರಿತು ಉಪನ್ಯಾಸಗಳನ್ನು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಅದು ಕ್ರೆಡಿಟ್ ದೊರೆಯುವ ಕೋರ್ಸ್ ಆಯಿತು. ಆದರೆ ಮುಂದಿನ ದಶಕಗಳಲ್ಲಿ ಬಹುಪಾಲು ಕಾಲೇಜುಗಳ ಬೋಧನೆ ಕಟ್ಟಡವನ್ನು ಸುತ್ತಿ ತೋರಿಸುವುದಕ್ಕೆ, ಸೂಚಿ ಕಾರ್ಡುಗಳನ್ನು ಪರಿಚಯಿಸುವುದಕ್ಕೆ ಸೀಮಿತವಾಯಿತು.

ಈ ಇತಿಹಾಸದ ಮುಖ್ಯ ತಿರುವು, ನನ್ನ ದೃಷ್ಟಿಯಲ್ಲಿ, ಕಂಪ್ಯೂಟರಿಗಿಂತ ಮೊದಲೇ ಬಂದದ್ದು. 1960ರ ದಶಕದ ಆರಂಭದಲ್ಲಿ ಡೆಟ್ರಾಯ್ಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಮಾಂಟೀತ್ ಕಾಲೇಜಿನಲ್ಲಿ ಗ್ರಂಥಪಾಲಕಿ ಪೆಟ್ರೀಷಿಯಾ ನ್ಯಾಪ್ ನಡೆಸಿದ ಪ್ರಯೋಗವು ಗ್ರಂಥಾಲಯದ ಕೆಲಸವನ್ನು ಪ್ರತ್ಯೇಕ ಪಾಠವಾಗಿ ಇರಿಸದೆ, ಅಧ್ಯಾಪಕರು ಕೊಡುವ ನಿಯೋಜಿತ ಕಾರ್ಯಗಳೊಳಗೇ ಹೆಣೆಯಲು ಯತ್ನಿಸಿತು. ಬರೆಯಬೇಕಾದ ಪ್ರಬಂಧವೊಂದು ಕೈಯಲ್ಲಿದ್ದಾಗ ಮಾತ್ರ ಹುಡುಕಾಟಕ್ಕೆ ಅರ್ಥ ಬರುತ್ತದೆ ಎಂಬ ಈ ತಿಳಿವಳಿಕೆಯನ್ನು ಅರ್ಲ್‌ಹ್ಯಾಮ್ ಕಾಲೇಜಿನ ಗ್ರಂಥಪಾಲಕ ಇವಾನ್ ಫಾರ್ಬರ್ ಹಲವು ವರ್ಷಗಳ ಕಾಲ ಆಚರಣೆಯಲ್ಲಿಟ್ಟರು.

1974ರಲ್ಲಿ ಅಮೆರಿಕದ ಮಾಹಿತಿ ಉದ್ಯಮ ಸಂಘದ ಅಧ್ಯಕ್ಷ ಪಾಲ್ ಜುರ್ಕೌಸ್ಕಿ ‘ಮಾಹಿತಿ ಸಾಕ್ಷರತೆ’ಯ, ಎಂದರೆ ಬೇಕಾದ ಮಾಹಿತಿಯನ್ನು ಹುಡುಕಿ ಬಳಸಬಲ್ಲ ಸಾಮರ್ಥ್ಯದ, ಪರಿಕಲ್ಪನೆಯನ್ನು ಮುಂದಿಟ್ಟರು. ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘವು 2000ದಲ್ಲಿ ಅದಕ್ಕೆ ಐದು ಮಾನದಂಡಗಳನ್ನು ನಿಗದಿಪಡಿಸಿತು. ಅಷ್ಟರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ‘ಟಿಲ್ಟ್’ ಎಂಬ ಆನ್‌ಲೈನ್ ಪಾಠ ಸಿದ್ಧವಾಗಿತ್ತು. ಆಕರವನ್ನು ಆಯ್ದುಕೊಳ್ಳುವುದು, ಹುಡುಕುವುದು, ಮೌಲ್ಯಮಾಪನ ಮಾಡುವುದು ಎಂಬ ಮೂರು ಘಟಕಗಳೂ ಕಿರುಪರೀಕ್ಷೆಗಳೂ ಇದ್ದ ಈ ಪಾಠವನ್ನು ಬೇರೆ ಗ್ರಂಥಾಲಯಗಳು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳಲು ಅನುಮತಿಯಿತ್ತು. ಬೆರಳೆಣಿಕೆಯ ಗ್ರಂಥಪಾಲಕರು ಸಾವಿರಾರು ಹೊಸ ವಿದ್ಯಾರ್ಥಿಗಳನ್ನು ತಲುಪಲು ಇದಕ್ಕಿಂತ ಸುಲಭವಾದ ದಾರಿ ಇರಲಿಲ್ಲ. ಆದರೆ ಇಂಥ ಪಾಠಗಳು ಹಬ್ಬಿದಂತೆ ಹುಡುಕಾಟಕ್ಕೂ ಪ್ರಬಂಧಕ್ಕೂ ನಡುವೆ ನ್ಯಾಪ್ ಕಟ್ಟಿದ್ದ ನಂಟು ಸಡಿಲವಾಯಿತೆಂದೇ ಹೇಳಬೇಕು. ‘ಮತ್ತು’, ‘ಅಥವಾ’ ಎಂಬ ಪದಗಳಿಂದ ಹುಡುಕಾಟವನ್ನು ಹೇಗೆ ಕಿರಿದುಗೊಳಿಸಬೇಕು, ಹಿಗ್ಗಿಸಬೇಕು ಎಂಬುದನ್ನು ಯಂತ್ರವೇ ಪರೀಕ್ಷಿಸಿ ಅಂಕ ಕೊಡಬಲ್ಲದು. ವಿದ್ಯಾರ್ಥಿಯ ಪ್ರಶ್ನೆಯೇ ತೀರಾ ವಿಶಾಲವಾಗಿದೆ ಎಂಬುದನ್ನು ಅಂಥ ಕಿರುಪರೀಕ್ಷೆ ಹೇಳಲಾರದು. ಪರೀಕ್ಷಿಸಲು ಸುಲಭವಾದದ್ದೇ ಪಾಠವಾಯಿತು.

ಮೌಲ್ಯಮಾಪನದ ಬೋಧನೆಗೂ ಇದೇ ಗತಿಯಾಯಿತು. ಲೇಖಕರು ಯಾರು, ದಿನಾಂಕ ಯಾವುದು, ಉದ್ದೇಶವೇನು ಎಂದು ಒಂದೇ ಪುಟವನ್ನು ಪ್ರಶ್ನಾವಳಿಯಿಂದ ಜಾಲಾಡುವ ಪದ್ಧತಿ ಬೇರೂರಿತು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಪದ್ಧತಿಯ ಮಿತಿಯನ್ನು ತೋರಿಸಿತು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಜಾಲತಾಣದೊಳಗೇ ಉಳಿದು ಅದರ ತೋರಿಕೆಗೆ ಮರುಳಾದರೆ, ಸುದ್ದಿಗಳ ಸತ್ಯಾಸತ್ಯತೆಯನ್ನು ಪರಿಶೀಲಿಸುವ ವೃತ್ತಿಪರರು ಬೇಗನೆ ಅದರಿಂದ ಹೊರಬಂದು ಅದರ ಬಗ್ಗೆ ಇತರರು ಏನು ಹೇಳುತ್ತಾರೆಂದು ನೋಡುತ್ತಿದ್ದರು.

ಮೇಲೆ ಹೇಳಿದ ಗ್ರಂಥಾಲಯಗಳ ಸಂಘವೇ 2016ರಲ್ಲಿ ಹಳೆಯ ಮಾನದಂಡಗಳನ್ನು ಹಿಂತೆಗೆದುಕೊಂಡು, ಸಂಶೋಧನೆಯೆಂದರೆ ಪ್ರಶ್ನೆಗಳನ್ನು ಬೆಳೆಸುವುದು ಎಂಬ ವಿಚಾರವೂ ಸೇರಿದಂತೆ ಆರು ಪರಿಕಲ್ಪನೆಗಳ ಚೌಕಟ್ಟನ್ನು ಒಪ್ಪಿಕೊಂಡಿತು. ಇದನ್ನು ಹತ್ತು ನಿಮಿಷದ ವಿಡಿಯೊಗಳಲ್ಲಿ ಹಿಡಿದಿಡುವುದು ಕಷ್ಟ. ಆದ್ದರಿಂದಲೇ ಗ್ರಂಥಪಾಲಕರು ವಿಷಯ ಅಧ್ಯಾಪಕರ ಆನ್‌ಲೈನ್ ತರಗತಿಯೊಳಗೇ ಸೇರಿಕೊಂಡು, ವಿದ್ಯಾರ್ಥಿಯ ಕರಡು ಪ್ರಬಂಧವನ್ನೂ ಆಕರಗಳ ಪಟ್ಟಿಯನ್ನೂ ಓದಿ ಉತ್ತರಿಸುವ ಕ್ರಮ ಇಂದು ಹೆಚ್ಚು ಅಗತ್ಯವಾಗಿದೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಇಲ್ಲದ ಲೇಖನಗಳನ್ನೂ ನಿಜವೆಂಬಂತೆ ಉಲ್ಲೇಖಿಸಿ ಕೊಡುತ್ತಿರುವಾಗ, ಆ ಪಟ್ಟಿಯ ಒಂದೊಂದು ಸಾಲನ್ನೂ ವಿದ್ಯಾರ್ಥಿಯೇ ಡೇಟಾಬೇಸ್‌ನಲ್ಲಿ ತೆರೆದು ನೋಡುವಂತೆ ಮಾಡುವುದು ಈ ಕೋರ್ಸ್‌ಗಳ ಮೊದಲ ಕೆಲಸವಾಗಬೇಕಾಗಿದೆ.