ಎಂಪಿ3 ಕತ್ತರಿಸುವಾಗ ದನಿ ಸವೆಯದಿರಲಿ

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯವರೊಬ್ಬರು ಹಾಸನದ ನನ್ನ ರೆಕಾರ್ಡಿಂಗ್ ಕೋಣೆಗೆ ಒಂದು ಪೆನ್‌ಡ್ರೈವ್ ತಂದರು. ಅದರಲ್ಲಿದ್ದುದು ಅವರ ತಾಯಿ ಮತ್ತು ಊರಿನ ಇನ್ನೂ ಮೂವರು ಹೆಂಗಸರು ಹಾಡಿದ ಸೋಬಾನೆ ಪದಗಳ 42 ನಿಮಿಷದ ಎಂಪಿ3 ಫೈಲು. "ಅಮ್ಮನ ದನಿ ಅಂತ ಉಳಿದಿರೋದು ಇದೊಂದೇ ಸರ್. ಮೊದಲಲ್ಲಿರೋ ಮಾತುಕತೆ ತೆಗೆದು, ಒಂದೊಂದು ಪದಾನೂ ಬೇರೆ ಬೇರೆ ಮಾಡಿಕೊಡಿ, ಸಾಕು" ಎಂದರು. ಕೆಲಸವೇನೋ ಚಿಕ್ಕದು. ಆದರೆ ಅದೇ ಪೆನ್‌ಡ್ರೈವ್‌ನಲ್ಲಿ ಬಂಧುಗಳು ಒಬ್ಬರಾದ ಮೇಲೊಬ್ಬರಂತೆ ಮೂರು ಸಲ ತಿದ್ದಿ ಉಳಿಸಿದ್ದ ಇನ್ನೊಂದು ಪ್ರತಿಯೂ ಇತ್ತು. ಅದನ್ನು ಕೇಳಿದಾಗ ನನಗೆ ಸಂಕಟವಾಯಿತು. ಬಳೆಗಳ ಸದ್ದು ಹರಡಿ ಮಸುಕಾಗಿತ್ತು, ಸಕಾರ ಶಕಾರಗಳು ನೀರಿನೊಳಗಿಂದ ಬಂದಂತೆ ಕಲಕಿಹೋಗಿದ್ದವು. ಅವರಲ್ಲಿ ಯಾರೂ ದನಿಯನ್ನು ಬದಲಿಸಲು ಹೋಗಿರಲಿಲ್ಲ. ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸಿ ಸೇವ್ ಮಾಡಿದ್ದರು, ಅಷ್ಟೆ.

ನಷ್ಟವಾದದ್ದು ಆ ಸೇವ್‌ನಲ್ಲಿಯೇ. ದನಿಯನ್ನು ಎಂಪಿ3 ಆಗಿ ಕುಗ್ಗಿಸುವ ಎನ್‌ಕೋಡರ್ ಎಂಬ ತಂತ್ರಾಂಶ ಅದನ್ನು ನೂರಾರು ಕಂಪನಾಂಕಗಳ ಪಟ್ಟಿಗಳಾಗಿ ಒಡೆದು, ಗಟ್ಟಿ ಸದ್ದಿನ ಪಕ್ಕದಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಬಿಟ್ಟು ಅಥವಾ ಒರಟಾಗಿ ಅಳೆದು ಬರೆದಿಡುತ್ತದೆ. ಹಾಗಾಗಿಯೇ ಸಿ.ಡಿ. ಗುಣಮಟ್ಟದ, ಕುಗ್ಗಿಸದ ವೇವ್ ಫೈಲಾಗಿದ್ದರೆ ಸುಮಾರು 445 ಎಂಬಿ ತೂಗಬೇಕಿದ್ದ ಈ 42 ನಿಮಿಷಗಳು ಸೆಕೆಂಡಿಗೆ 128 ಕಿಲೋಬಿಟ್ ದರದಲ್ಲಿ 40 ಎಂಬಿಯಲ್ಲಿ ಅಡಗಿದ್ದವು. ಅಡಾಸಿಟಿಯಂತಹ ಸಾಮಾನ್ಯ ಎಡಿಟರ್‌ನಲ್ಲಿ ಈ ಫೈಲನ್ನು ತೆರೆದರೆ ಅದು ಮೊದಲು ಕುಗ್ಗಿಸದ ದನಿಯಾಗಿ ಬಿಚ್ಚಿಕೊಳ್ಳುತ್ತದೆ. ಮತ್ತೆ ಎಂಪಿ3 ಆಗಿ ಹೊರತೆಗೆದಾಗ ಎನ್‌ಕೋಡರ್ ಎಲ್ಲವನ್ನೂ ಮೊದಲಿಂದ ಅಳೆಯುತ್ತದೆ. ಹಿಂದಿನ ಅಳತೆಯಲ್ಲಿ ಉಳಿದಿದ್ದ ಒರಟುತನವನ್ನೂ ಅದು ಮೂಲ ದನಿಯೆಂದೇ ತಿಳಿದು, ಅದರ ಮೇಲೆ ತನ್ನ ಒರಟುತನವನ್ನು ಸೇರಿಸುತ್ತದೆ. ಎರಡನೆಯ ಸಲ 320 ಕಿಲೋಬಿಟ್ ಇಟ್ಟರೆ ಹೊಸ ನಷ್ಟ ಕಡಿಮೆಯಾಗುತ್ತದೆಯೇ ಹೊರತು ಮೊದಲೇ ಹೋದದ್ದು ಮರಳಿ ಬರುವುದಿಲ್ಲ.

ಬಿಚ್ಚದೆಯೇ ಕತ್ತರಿಸುವ ದಾರಿಯೊಂದಿದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಎಂಪಿ3 ಫೈಲು ಎಂದರೆ ಒಂದರ ಹಿಂದೊಂದು ಜೋಡಿಸಿದ ಚಿಕ್ಕ ಕಟ್ಟುಗಳ ಸಾಲು. ಇವಕ್ಕೆ ಫ್ರೇಮ್ ಎಂದು ಹೆಸರು. ಒಂದು ಫ್ರೇಮ್‌ನಲ್ಲಿ 1152 ಮಾದರಿಗಳಿರುತ್ತವೆ, ಅಂದರೆ ದನಿಯ ಏರಿಳಿತವನ್ನು ಕ್ಷಣಕ್ಷಣಕ್ಕೂ ಅಳೆದ ಬಿಡಿ ಅಳತೆಗಳು. ಸೆಕೆಂಡಿಗೆ 44,100 ಮಾದರಿಗಳ ರೆಕಾರ್ಡಿಂಗ್‌ನಲ್ಲಿ ಅದರ ಅವಧಿ ಸುಮಾರು 26 ಮಿಲಿಸೆಕೆಂಡು. ಎಂಪಿ3 ಡೈರೆಕ್ಟ್ ಕಟ್ ಎಂಬ ಉಚಿತ ತಂತ್ರಾಂಶ ಬೇಡದ ಫ್ರೇಮ್‌ಗಳನ್ನು ತೆಗೆದು, ಉಳಿದವನ್ನು ಇದ್ದಂತೆಯೇ ಹೊಸ ಫೈಲಿಗೆ ಇಳಿಸುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಕಾಪಿ ಆಯ್ಕೆ ಕೊಟ್ಟರೂ ಇದೇ ನಡೆಯುತ್ತದೆ; ಎಂಪಿ3ಯಂತೆಯೇ ದನಿಯನ್ನು ಕುಗ್ಗಿಸಿಡುವ ಮೊಬೈಲ್‌ನ ಎಎಸಿ ಫೈಲುಗಳಿಗೂ ಅದು ಒದಗುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳುವ ಬಿಡುವು 26 ಮಿಲಿಸೆಕೆಂಡಿಗಿಂತ ಎಷ್ಟೋ ಪಾಲು ಹೆಚ್ಚಾದ್ದರಿಂದ ಪದಗಳನ್ನು ಬೇರ್ಪಡಿಸಲು ಈ ನಿಖರತೆ ಧಾರಾಳವಾಗಿ ಸಾಕು.

ಆದರೂ ಕತ್ತರಿ ಇಡುವ ಜಾಗವನ್ನು ಕಿವಿಯಿಟ್ಟು ಹುಡುಕಬೇಕು. ಒಂದು ಫ್ರೇಮ್‌ಗೆ ಬೇಕಾದ ಮಾಹಿತಿಯ ಒಂದಷ್ಟು ಭಾಗ ಅದರ ಹಿಂದಿನ ಫ್ರೇಮ್‌ಗಳಲ್ಲಿ ಉಳಿದ ಜಾಗದಲ್ಲಿ ಕೂತಿರಬಹುದು. ಹಿಂದಿನದನ್ನು ಕಿತ್ತರೆ ಹೊಸ ಫೈಲಿನ ಮೊದಲ ಫ್ರೇಮ್ ಅರೆಬರೆಯಾಗಿ, ಆರಂಭದಲ್ಲಿ ಚಿಟ್ಟೆಂದೋ ಒಂದು ಕ್ಷಣ ಮೂಕವಾಗಿಯೋ ಕೇಳಬಹುದು. ಆದ್ದರಿಂದ ನಾನು ಪದದ ಮೊದಲ ಅಕ್ಷರಕ್ಕಿಂತ ಹತ್ತು ಹದಿನೈದು ಫ್ರೇಮ್ ಹಿಂದೆ, ಮೌನದಲ್ಲಿಯೇ ಕತ್ತರಿಸುತ್ತೇನೆ. ಎರಡು ಫೈಲುಗಳನ್ನು ಜೋಡಿಸುವುದಾದರೆ ಎರಡರ ಮಾದರಿ ದರ ಒಂದೇ ಆಗಿರಬೇಕು, ಒಂದು ಮೋನೊ ಇನ್ನೊಂದು ಸ್ಟೀರಿಯೊ ಆಗಿರಬಾರದು.

ದನಿ ಏರಿಸಲಿಕ್ಕೂ ಮತ್ತೆ ಎನ್‌ಕೋಡ್ ಮಾಡಬೇಕಿಲ್ಲ. ಪ್ರತಿ ಫ್ರೇಮ್‌ನೊಳಗೆ ಒಟ್ಟು ಮಟ್ಟವನ್ನು ಸೂಚಿಸುವ ಸಂಖ್ಯೆಗಳಿರುತ್ತವೆ. ಅವನ್ನೆಲ್ಲ ಒಂದರಷ್ಟು ಹೆಚ್ಚಿಸಿದರೆ ದನಿ ಸುಮಾರು 1.5 ಡೆಸಿಬೆಲ್ ಏರುತ್ತದೆ. ಎಂಪಿ3 ಗೇನ್ ತಂತ್ರಾಂಶ ಮಾಡುವುದು ಇಷ್ಟನ್ನೇ. ಅತಿಯಾಯಿತೆನಿಸಿದರೆ ಅಷ್ಟೇ ಇಳಿಸಿ ಮೊದಲಿನ ಸ್ಥಿತಿಗೆ ತರಬಹುದು.

ಈ ವಿಧಾನದಿಂದ ಆಗದ ಕೆಲಸವೂ ಇದೆ, ಮತ್ತು ಮಲೆನಾಡಿನ ರೆಕಾರ್ಡಿಂಗ್‌ಗಳಲ್ಲಿ ಅದು ಮೇಲಿಂದ ಮೇಲೆ ಎದುರಾಗುತ್ತದೆ. ಆ ಸೋಬಾನೆ ಪದಗಳನ್ನು ಜೋರು ಮಳೆಯಲ್ಲಿ, ಹೆಂಚಿನ ಮನೆಯ ಜಗಲಿಯಲ್ಲಿ ಹಾಡಿಸಲಾಗಿತ್ತು. ಮಳೆಯ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿಕೊಂಡು ಎನ್‌ಕೋಡರ್‌ಗೆ ಮಿತವಾಗಿ ಸಿಕ್ಕಿದ್ದ ಬಿಟ್‌ಗಳಲ್ಲಿ ದೊಡ್ಡ ಪಾಲನ್ನು ತಿಂದುಹಾಕುತ್ತದೆ. ಹಾಡಿಗೆ ಉಳಿಯುವುದು ಕಡಿಮೆ. ಮಳೆ ಬರುವ ಹೊತ್ತಿನಲ್ಲಿ ರೆಕಾರ್ಡ್ ಮಾಡುವವರು ದಯವಿಟ್ಟು ವೇವ್ ಆಯ್ಕೆಯನ್ನೇ ಇಟ್ಟುಕೊಳ್ಳಿ ಎಂದು ನಾನು ಕಂಡವರಿಗೆಲ್ಲ ಹೇಳುವುದು ಇದೇ ಕಾರಣಕ್ಕೆ. ಮಳೆಯ ಸದ್ದನ್ನು ತಗ್ಗಿಸಬೇಕೆಂದರೆ ಫೈಲನ್ನು ಬಿಚ್ಚಲೇಬೇಕು. ಆಗ ಒಂದೇ ಸಲ ವೇವ್ ಆಗಿ ಬಿಚ್ಚಿ, ಬೇಕಾದ ತಿದ್ದುಪಡಿಗಳನ್ನೆಲ್ಲ ಅಲ್ಲಿಯೇ ಮುಗಿಸಿ, ಏನನ್ನೂ ಕಳೆಯದೆ ಕುಗ್ಗಿಸುವ ಫ್ಲಾಕ್ ರೂಪದಲ್ಲಿ ಉಳಿಸುತ್ತೇನೆ; ನಡುವೆ ಎಲ್ಲಿಯೂ ಎಂಪಿ3 ಬರಗೊಡುವುದಿಲ್ಲ.

ಪೆನ್‌ಡ್ರೈವ್ ತಂದವರಿಗೆ ನಾನು ಕೊಟ್ಟದ್ದು ಮೂರು ಫೋಲ್ಡರ್: ಮುಟ್ಟದೆ ಇಟ್ಟ ಮೂಲ ಫೈಲು, ಫ್ರೇಮ್ ಗಡಿಯಲ್ಲಿ ಕತ್ತರಿಸಿದ ಹನ್ನೊಂದು ಪದಗಳು, ಮಳೆ ತಗ್ಗಿಸಿದ ಫ್ಲಾಕ್ ಪ್ರತಿ. ಆರನೆಯ ಪದದ ನಡುವೆ ಯಾರದೋ ಮೊಬೈಲ್ ಹೊಡೆದುಕೊಳ್ಳುತ್ತದೆ. ತಾಯಿ ಸಾಲು ಮುಗಿಸುವ ಮೊದಲೇ ಉಳಿದ ಮೂವರು ಸೊಲ್ಲು ಎತ್ತಿಕೊಂಡಿದ್ದರಿಂದ ಅಲ್ಲಿ ಕತ್ತರಿ ಇಡುವಷ್ಟು ಮೌನವೇ ಇರಲಿಲ್ಲ. ಅವರನ್ನು ಕೇಳಿದೆ, "ಇರಲಿ ಬಿಡಿ ಸರ್" ಎಂದರು. ಆ ರಿಂಗ್ ಅಲ್ಲಿಯೇ ಇದೆ.